ಮಕ್ಕಳಿರುವ ಮನೆಯಲ್ಲಿ ನಾಯಿಮರಿಗೆ ಬಾಯಿ ಹಾಕದಂತೆ ಕಲಿಸುವುದು

ಮರಿ ಬಂದು 2 ವಾರ ಆಗುವಷ್ಟರಲ್ಲಿ ನನ್ನ 3 ವರ್ಷದ ಮಗ ನೆಲಕ್ಕೆ ಕಾಲಿಡುವುದನ್ನೇ ಬಿಟ್ಟಿದ್ದ. ಸೋಫಾದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಹಾರಿಕೊಂಡೇ ಓಡಾಡುತ್ತಿದ್ದ. ಕೆಳಗೆ ಮರಿ ಬಾಲ ಅಲ್ಲಾಡಿಸುತ್ತಾ ಅವನ ಪ್ಯಾಂಟಿನ ತುದಿ ಯಾವಾಗ ಸಿಗುತ್ತದೋ ಅಂತ ಕಾಯುತ್ತಿತ್ತು. 7 ವರ್ಷದ ಮಗಳಿಗೆ ಮರಿ ಅಂದರೆ ಪ್ರಾಣ, ಆದರೆ ಅವಳ ಮೊಣಕೈವರೆಗೂ ಗೀರುಗಳು.

ಮರಿಯಲ್ಲಿ ಯಾವ ದೋಷವೂ ಇರಲಿಲ್ಲ. ನಾವು ಏನೂ ಏರ್ಪಾಡು ಮಾಡಿಕೊಂಡಿರಲಿಲ್ಲ. ಕಚ್ಚಿದ ಮೇಲೆ ಏನು ಮಾಡಬೇಕು ಅಂತ ಎಲ್ಲರೂ ಕೇಳುತ್ತಾರೆ, ಆಗ ನಾನೂ ಅದನ್ನೇ ಕೇಳುತ್ತಾ ತಿರುಗಿದೆ. ಆಮೇಲೆ ಗೊತ್ತಾಯಿತು, ಮುಕ್ಕಾಲು ಕೆಲಸ ಇರುವುದು ಕಚ್ಚುವುದಕ್ಕೆ ಮುಂಚಿನ 5 ನಿಮಿಷದಲ್ಲಿ. ಹಾಗಾಗಿ ಇಲ್ಲಿ ಹೆಚ್ಚಾಗಿ ಆ 5 ನಿಮಿಷದ ಬಗ್ಗೆಯೇ ಬರೆದಿದ್ದೇನೆ.

ಮರಿ ಯಾಕೆ ಬಾಯಿ ಹಾಕುತ್ತದೆ

ಮರಿಗೆ ಕೈಯಿಲ್ಲ. ಮಗು ಎಲ್ಲವನ್ನೂ ಕೈಯಲ್ಲಿ ಹಿಡಿದು ನೋಡಿದ ಹಾಗೆ ಅದು ಬಾಯಲ್ಲಿ ಹಿಡಿದು ನೋಡುತ್ತದೆ. ಒಡಹುಟ್ಟಿದ ಮರಿಗಳ ಜೊತೆ ಆಡುವಾಗಲೂ ಬಾಯಿಂದಲೇ ಆಟ. ಒಂದು ಮರಿ ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಅಂತ ಕೂಗಿ ಆಟ ಬಿಟ್ಟು ಹೋಗುತ್ತದೆ. 'ಇಷ್ಟು ಜೋರಾಗಿ ಹಿಡಿದರೆ ಆಟ ನಿಲ್ಲುತ್ತದೆ' ಅನ್ನುವ ಪಾಠ ಹೀಗೆ ಸಿಗುತ್ತದೆ. ಕನಿಷ್ಠ 8 ವಾರವಾದರೂ ಮರಿ ತಾಯಿಯ ಹತ್ತಿರ ಇರಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ. ಅದಕ್ಕಿಂತ ಮುಂಚೆಯೇ ಬೇರೆಯಾಗಿ ಬಂದ ಮರಿಗೆ ಆ ಪಾಠ ಅರ್ಧಕ್ಕೇ ನಿಂತಿರುತ್ತದೆ. ಉಳಿದರ್ಧ ನಾವು ಕಲಿಸಬೇಕು, ಸ್ವಲ್ಪ ಜಾಸ್ತಿ ತಾಳ್ಮೆ ಬೇಕಾಗುತ್ತದೆ.

ಇನ್ನು ಹಲ್ಲು. ಮರಿಗೆ 28 ಹಾಲುಹಲ್ಲು, ಒಂದೊಂದೂ ಸೂಜಿಯಷ್ಟು ಚೂಪು. ಸುಮಾರು 3 ರಿಂದ 4 ತಿಂಗಳಿಗೆ ಅವು ಬೀಳಲು ಶುರುವಾಗುತ್ತವೆ. 6 ರಿಂದ 7 ತಿಂಗಳ ಹೊತ್ತಿಗೆ ದೊಡ್ಡ ಹಲ್ಲು 42 ಬಂದಿರುತ್ತವೆ. ಈ ನಡುವಿನ ತಿಂಗಳುಗಳಲ್ಲಿ ಒಸಡು ನೋಯುತ್ತದೆ, ಏನಾದರೂ ಜಗಿಯಲೇಬೇಕು ಅನ್ನಿಸುತ್ತದೆ. ಆಟಿಕೆಯ ಮೇಲೆ ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ, ಹಲ್ಲು ಬಿದ್ದಿರುತ್ತದೆ.

ಮನೆಯಲ್ಲಿ ದೊಡ್ಡವರೂ ಇರುವಾಗ ಮಕ್ಕಳನ್ನೇ ಯಾಕೆ ಹಿಡಿಯುತ್ತದೆ? ಮಕ್ಕಳು ಓಡುತ್ತಾರೆ, ಕಿರುಚುತ್ತಾರೆ, ಕೈ ಬೀಸುತ್ತಾರೆ, ಮುಖವೂ ಮರಿಯ ಎತ್ತರಕ್ಕೇ ಸಿಗುತ್ತದೆ. ಮರಿಯ ಕಣ್ಣಿಗೆ ಅದಕ್ಕಿಂತ ಒಳ್ಳೆಯ ಆಟಿಕೆ ಇನ್ನೊಂದಿಲ್ಲ. ಕುರಿ, ದನ ಕಾಯಲು ಬೆಳೆಸಿದ ತಳಿಗಳಾದರೆ ಓಡುವ ಹಿಮ್ಮಡಿ ಕಂಡ ಕೂಡಲೇ ಬಾಯಿ ಹಾಕುತ್ತವೆ, ಅದು ಅವುಗಳ ರಕ್ತದಲ್ಲೇ ಇದೆ. ಕೋಪವಾಗಲಿ, ಮನೆಯವರ ಮೇಲೆ ಅಧಿಕಾರ ನಡೆಸುವ ಆಸೆಯಾಗಲಿ ಅಲ್ಲಿ ಇರುವುದಿಲ್ಲ.

ಮೊದಲ ಪಾಠ ಮಕ್ಕಳಿಗೆ, ಮರಿ ಇಲ್ಲದಾಗ

ಮರಿ ಇನ್ನೊಂದು ಕೋಣೆಯಲ್ಲಿ ಮಲಗಿರುವಾಗ ಮಕ್ಕಳನ್ನು ಕರೆದು 'ಮರದ ಆಟ' ಕಲಿಸಿ. ನೀವು 'ಮರ' ಅಂದ ಕೂಡಲೇ ಮಗು ಇದ್ದಲ್ಲೇ ನಿಲ್ಲಬೇಕು. ಕೈ ಎದೆಗೆ ಕಟ್ಟಬೇಕು, ಬಾಯಿ ಮುಚ್ಚಬೇಕು, ಕಣ್ಣು ತನ್ನ ಪಾದದ ಮೇಲಿರಬೇಕು. ಮರ ಓಡುವುದಿಲ್ಲ, ಕೂಗುವುದಿಲ್ಲ, ಕೊಂಬೆ ಬೀಸುವುದಿಲ್ಲ. ಅಂಥ ಮರದ ಜೊತೆ ಮರಿಗೆ ಆಡಲು ಬೇಜಾರು.

ಇದನ್ನು ನಿಜವಾಗಿಯೂ ಆಟದ ಹಾಗೇ ಆಡಿಸಿ. ಮಕ್ಕಳು ಮನೆಯೊಳಗೆ ಓಡಾಡುತ್ತಿರುವಾಗ ಇದ್ದಕ್ಕಿದ್ದಂತೆ 'ಮರ' ಅನ್ನಿ. ಯಾರು ಮೊದಲು ನಿಂತರು ನೋಡಿ. ದಿನಕ್ಕೆ ನಾಲ್ಕೈದು ಸಲ, ಒಂದು ವಾರ ಮಾಡಿ. ಆಮೇಲೆ ನೀವೇ ಮರಿಯ ಹಾಗೆ ಹತ್ತಿರ ಬಂದು ಪ್ಯಾಂಟು ಮೆಲ್ಲಗೆ ಎಳೆಯಿರಿ, ಆಗಲೂ ಮಗು ಅಲ್ಲಾಡದೆ ನಿಲ್ಲುತ್ತದಾ ನೋಡಿ. ಹಲ್ಲು ತಾಕಿದ ಹೊತ್ತಲ್ಲಿ ಹೇಳಿಕೊಟ್ಟರೆ ಯಾವ ಮಗುವಿನ ತಲೆಗೂ ಹೋಗುವುದಿಲ್ಲ, ಮೊದಲೇ ಮೈಗೆ ರೂಢಿಯಾಗಿರಬೇಕು. ಮರವಾಗಿ ನಿಂತ ಮಗು 'ಅಮ್ಮಾ' ಅಂತ ಒಂದೇ ಸಲ ಕರೆಯಬಹುದು. ಆ ಕರೆಗೆ ನೀವು ತಕ್ಷಣ ಬರಲೇಬೇಕು. ಮಗು ತನ್ನ ಪಾಲಿನ ಕೆಲಸ ಮಾಡಿದೆ, ಮರಿಯನ್ನು ಅಲ್ಲಿಂದ ಕರೆದುಕೊಂಡು ಹೋಗುವುದು ನಮ್ಮ ಕೆಲಸ.

ಬೇರೆ ನಿಯಮಗಳು ಹೆಚ್ಚು ಬೇಡ. ಮಲಗಿರುವ, ತಿನ್ನುತ್ತಿರುವ, ಏನನ್ನಾದರೂ ಜಗಿಯುತ್ತಿರುವ ಮರಿಯನ್ನು ಮುಟ್ಟಬಾರದು. ಎತ್ತಿಕೊಳ್ಳುವುದು, ಅಪ್ಪಿಕೊಳ್ಳುವುದು, ಮುಖಕ್ಕೆ ಮುಖ ತಾಗಿಸುವುದು ಬೇಡ. ಅದರ ಬಾಯಲ್ಲಿರುವುದನ್ನು ಕಿತ್ತುಕೊಳ್ಳದೆ ದೊಡ್ಡವರನ್ನು ಕರೆಯಬೇಕು. ನಮ್ಮ ಮನೆಯಲ್ಲಿ ಇವನ್ನು ಚಿತ್ರ ಬರೆದು ಮಗನ ಕಣ್ಣಿನ ಎತ್ತರಕ್ಕೆ ಅಂಟಿಸಿದ್ದೆವು. ಚಿತ್ರ ಬರೆದದ್ದು ಮಗಳು, ಹಾಗಾಗಿ ಅವಳೇ ಎಲ್ಲರಿಗಿಂತ ಕಟ್ಟುನಿಟ್ಟಾದಳು.

5 ವರ್ಷಕ್ಕಿಂತ ಸಣ್ಣ ಮಕ್ಕಳು ಈ ನಿಯಮಗಳನ್ನೆಲ್ಲ ಪಾಲಿಸುತ್ತಾರೆ ಅಂತ ನಂಬಿಕೊಂಡು ಕೂರಬೇಡಿ. ಬಾಯಲ್ಲಿ ಸರಿಯಾಗಿ ಹೇಳುತ್ತಾರೆ, ಮರುಕ್ಷಣವೇ ಬಾಲ ಎಳೆಯುತ್ತಾರೆ. ಅದು ಅವರ ತಪ್ಪಲ್ಲ, ವಯಸ್ಸೇ ಹಾಗೆ. ಅವರಿಗೆ ಪಾಠಕ್ಕಿಂತ ಗೇಟೇ ಮುಖ್ಯ.

ಮನೆಯನ್ನು ಎರಡು ಭಾಗ ಮಾಡಿ

ಸಣ್ಣ ಮಕ್ಕಳಿಗಾಗಿ ಬಾಗಿಲಿಗೆ ಹಾಕುವ ಗೇಟು ಸಿಗುತ್ತದಲ್ಲ, ಅದು ಒಂದು ಬೇಕು. ಮರಿಗೆ ಅಂತ ಬೇಲಿ ಹಾಕಿದ ಒಂದು ಮೂಲೆ ಬೇಕು, ಅಲ್ಲಿ ಹಾಸಿಗೆ, ನೀರು, ಜಗಿಯಲು ಏನಾದರೂ ಇರಲಿ. ಆ ಮೂಲೆಯೊಳಗೆ ಮಕ್ಕಳು ಕಾಲಿಡಬಾರದು, ಇದರಲ್ಲಿ ರಾಜಿ ಬೇಡ. ಮರಿಗೂ ತನ್ನದು ಅನ್ನುವ ಒಂದು ಜಾಗ ಬೇಕು, ಅಲ್ವಾ? ಹಾಗೇ ಮಕ್ಕಳು ನೆಲದ ಮೇಲೆ ಆಟಿಕೆ ಹರಡಿಕೊಂಡು ನೆಮ್ಮದಿಯಾಗಿ ಆಡಲು ಮರಿ ಬಾರದ ಒಂದು ಜಾಗವೂ ಇರಲಿ.

ಇನ್ನೊಂದು ಉಪಕಾರಿ ವಸ್ತು ಹಗುರವಾದ ಹಗ್ಗ. ಸುಮಾರು 1.5 ಮೀಟರ್ ಉದ್ದ ಇದ್ದರೆ ಸಾಕು, ತುದಿಯಲ್ಲಿ ಗಂಟು ಅಥವಾ ಕುಣಿಕೆ ಇರಬಾರದು, ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ. ನೀವು ಜೊತೆಗಿರುವಾಗ ಮಾತ್ರ ಅದನ್ನು ಮರಿಯ ಎದೆಪಟ್ಟಿಗೆ ಹಾಕಿ ನೆಲದ ಮೇಲೆ ಎಳೆದುಕೊಂಡು ಓಡಾಡಲು ಬಿಡಿ. ಮರಿ ಮಗುವಿನ ಕಡೆಗೆ ನುಗ್ಗಿದಾಗ ಕೂಗಾಡುವುದು, ಕುತ್ತಿಗೆ ಹಿಡಿಯುವುದು ಯಾವುದೂ ಬೇಕಾಗುವುದಿಲ್ಲ. ಹಗ್ಗದ ಮೇಲೆ ಕಾಲಿಟ್ಟರೆ ಅಷ್ಟಕ್ಕೇ ನಿಲ್ಲುತ್ತದೆ.

ಮರಿ ಮತ್ತು ಮಗು ಒಂದೇ ಜಾಗದಲ್ಲಿದ್ದಾಗ ದೊಡ್ಡವರೊಬ್ಬರು ಅಲ್ಲಿರಲೇಬೇಕು. ಇರುವುದು ಅಂದರೆ ನೋಡುತ್ತಾ ಇರುವುದು. ಫೋನ್ ಹಿಡಿದು ಅದೇ ಕೋಣೆಯಲ್ಲಿ ಕೂತಿದ್ದರೆ ಅದು ಲೆಕ್ಕಕ್ಕಿಲ್ಲ. ನೋಡಲು ಆಗುವುದಿಲ್ಲ ಅನ್ನಿಸಿದರೆ ಗೇಟು ಹಾಕಿಬಿಡಿ.

ನಿದ್ದೆಯ ಲೆಕ್ಕ

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಬೇಗ ಫಲ ಕೊಟ್ಟದ್ದು ಇದು. ಸಣ್ಣ ಮರಿಗೆ ದಿನಕ್ಕೆ 18 ರಿಂದ 20 ಗಂಟೆ ನಿದ್ದೆ ಬೇಕು. ಮಕ್ಕಳಿರುವ ಮನೆಯಲ್ಲಿ ಯಾವಾಗಲೂ ಏನೋ ಒಂದು ಗಲಾಟೆ ಇರುತ್ತದೆ, ಮರಿ ಮಲಗುವುದೇ ಇಲ್ಲ. ನಿದ್ದೆಗೆಟ್ಟ ಮಗು ಹೇಗೆ ಹಠ ಹಿಡಿಯುತ್ತದೋ ನಿದ್ದೆಗೆಟ್ಟ ಮರಿ ಹಾಗೇ ಕಚ್ಚುತ್ತದೆ. ಸಂಜೆ ಹೊತ್ತು ಹುಚ್ಚು ಹಿಡಿದ ಹಾಗೆ ಸುತ್ತು ಓಡಿ, ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತದಲ್ಲ, ಆಗ ನಾವು 'ಇನ್ನೂ ಶಕ್ತಿ ಇದೆ, ಇನ್ನಷ್ಟು ಆಡಿಸಿ ಸುಸ್ತು ಮಾಡೋಣ' ಅಂದುಕೊಳ್ಳುತ್ತೇವೆ. ಅದು ಆಗಲೇ ಸುಸ್ತಾಗಿರುತ್ತದೆ.

ಹಾಗಾಗಿ ಒಂದು ಅಂದಾಜು ಇಟ್ಟುಕೊಳ್ಳಿ. ಸುಮಾರು 1 ಗಂಟೆ ಎಚ್ಚರ, ಆಮೇಲೆ ಒಂದೂವರೆ ಎರಡು ಗಂಟೆ ತನ್ನ ಮೂಲೆಯಲ್ಲಿ ನಿದ್ದೆ. ಎದ್ದ ಕೂಡಲೇ ಹೊರಗೆ ಕರೆದುಕೊಂಡು ಹೋಗಿ, ಆಮೇಲೆ ಸ್ವಲ್ಪ ಆಟ, ಸ್ವಲ್ಪ ಪಾಠ, ಜಗಿಯಲು ಏನಾದರೂ ಕೊಟ್ಟು ಮತ್ತೆ ಮಲಗಿಸಿ. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಮರಿ ಮಲಗಿ ಎದ್ದಿರುವಂತೆ ನೋಡಿಕೊಳ್ಳಿ. ನಾವು 4 ದಿನ ಒಂದು ಕಾಗದದ ಮೇಲೆ ಕಚ್ಚಿದ ಹೊತ್ತು ಬರೆದಿಟ್ಟೆವು. ಹೆಚ್ಚು ಕಡಿಮೆ ಎಲ್ಲವೂ ಸಂಜೆಯ ಒಂದೇ ಹೊತ್ತಿನಲ್ಲಿ ಬಂದಿದ್ದವು. ಮಕ್ಕಳು ಮನೆಗೆ ಬಂದು ಸ್ವಲ್ಪ ಹೊತ್ತಾದ ಮೇಲೆ, ಮರಿ ಮಧ್ಯಾಹ್ನ ನಿದ್ದೆ ಮಾಡದ ದಿನ. ನೀವೂ ಬರೆದು ನೋಡಿ, ನಿಮ್ಮ ಮನೆಯ ಹೊತ್ತು ಯಾವುದು ಅಂತ ಗೊತ್ತಾಗುತ್ತದೆ.

ಮರಿಗೆ ಪಾಠ: ಇದು ದೊಡ್ಡವರ ಕೆಲಸ

ಹಲ್ಲು ಚರ್ಮಕ್ಕೆ ತಾಗಿದರೆ ಆಟ ನಿಲ್ಲುತ್ತದೆ. ಕಲಿಸಬೇಕಾದದ್ದು ಇಷ್ಟೇ, ಆದರೆ ಪ್ರತಿ ಸಲವೂ ಹಾಗೇ ಆಗಬೇಕು.

ಮರಿಯ ಹತ್ತಿರ ಹೋಗುವಾಗಲೇ ಕೈಯಲ್ಲಿ ಆಟಿಕೆ ಇರಲಿ, ಬರಿಗೈಯಲ್ಲಿ ಹೋಗಬೇಡಿ. ಉದ್ದವಾದ ಆಟಿಕೆ ಒಳ್ಳೆಯದು, ಕೈಗೂ ಬಾಯಿಗೂ ನಡುವೆ ಒಂದು ಮೊಳವಾದರೂ ದೂರ ಇರಬೇಕು. ಆಟದ ಮಧ್ಯೆ ಹಲ್ಲು ಕೈಗೆ ತಾಗಿತು ಅಂತಿಟ್ಟುಕೊಳ್ಳಿ. ಕೈಯನ್ನು ಸರಕ್ಕನೆ ಎಳೆದುಕೊಳ್ಳಬೇಡಿ. ಎಳೆದರೆ ಅದು ಬೆನ್ನಟ್ಟುತ್ತದೆ, ಚರ್ಮವೂ ಗೀರುತ್ತದೆ. ಕೈ ಸಡಿಲ ಬಿಟ್ಟು ಅಲ್ಲಾಡದೆ ನಿಲ್ಲಿ. ಹಿಡಿತ ಬಿಟ್ಟ ಕೂಡಲೇ ಎದ್ದು, ಮಾತಾಡದೆ, ಕಣ್ಣಿಗೆ ಕಣ್ಣು ಕೊಡದೆ ಗೇಟಿನ ಆಚೆ ಹೋಗಿ. 20 ರಿಂದ 30 ಸೆಕೆಂಡು ಸಾಕು, ಅದಕ್ಕಿಂತ ಜಾಸ್ತಿಯಾದರೆ ಯಾಕೆ ಹೋದಿರಿ ಅನ್ನುವುದೇ ಅದಕ್ಕೆ ಮರೆತುಹೋಗುತ್ತದೆ. ವಾಪಸ್ ಬಂದು ಏನೂ ಆಗಿಲ್ಲ ಅನ್ನುವ ಹಾಗೆ ಆಟಿಕೆ ಕೊಡಿ. ಆಟಿಕೆ ಹಿಡಿದರೆ ಹೊಗಳಿ, ಆಟ ಮುಂದುವರಿಸಿ. ಮತ್ತೆ ತಾಗಿದರೆ ಮತ್ತೆ ಎದ್ದು ಹೋಗಿ. ಮೂರನೇ ಸಲವೂ ಅದೇ ಆದರೆ ಪಾಠ ಸಾಕು, ಅದಕ್ಕೆ ನಿದ್ದೆ ಬೇಕಾಗಿದೆ ಅಂತ ಅರ್ಥ.

ನೀವು ಹೋಗಬೇಕು, ಮರಿಯನ್ನು ಎತ್ತಿಕೊಂಡು ಹೋಗಿ ಕೂಡಿಹಾಕಬಾರದು. ಎತ್ತುವಾಗ ಅದು ಇನ್ನೂ ಕಚ್ಚುತ್ತದೆ, ಎತ್ತಿಸಿಕೊಳ್ಳುವುದೇ ಇನ್ನೊಂದು ಆಟವಾಗುತ್ತದೆ. ಅದರ ಮೂಲೆ ಶಿಕ್ಷೆಯ ಜಾಗವಾದರೆ ಆಮೇಲೆ ಅಲ್ಲಿ ನೆಮ್ಮದಿಯಾಗಿ ಮಲಗುವುದೂ ಇಲ್ಲ.

ಕೆಲವರು ಮರಿಯ ಹಾಗೇ ಕುಂಯ್ ಅಂತ ಕೂಗಿ ಅನ್ನುತ್ತಾರೆ. ಕೆಲವು ಮರಿಗಳು ಆ ಸದ್ದಿಗೆ ನಿಲ್ಲುತ್ತವೆ. ಕೆಲವಕ್ಕೆ ಹುರುಪು ದುಪ್ಪಟ್ಟಾಗುತ್ತದೆ. ಎರಡು ಮೂರು ಸಲ ಮಾಡಿ ನೋಡಿ, ಉಪಯೋಗ ಕಾಣದಿದ್ದರೆ ಬಿಟ್ಟುಬಿಡಿ. ಮಕ್ಕಳಿಗಂತೂ ಇದನ್ನು ಕಲಿಸಲೇಬೇಡಿ. ಅವರ ಕಿರುಚಾಟದಿಂದಲೇ ಆಟ ಏರುತ್ತಿರುವಾಗ ಇನ್ನೂ ಕೂಗಿ ಅಂತ ಹೇಳಿಕೊಟ್ಟ ಹಾಗಾಗುತ್ತದೆ.

ಶುರುವಿನ ಕೆಲವು ದಿನ ಕಚ್ಚುವುದು ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು. ಇದುವರೆಗೆ ನಡೆಯುತ್ತಿದ್ದ ಆಟ ಈಗ ಯಾಕೆ ನಡೆಯುತ್ತಿಲ್ಲ ಅಂತ ಮರಿ ಇನ್ನೂ ಜೋರಾಗಿ ಪ್ರಯತ್ನ ಮಾಡುತ್ತದೆ. ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. ಇಲ್ಲಿ ಬಿಟ್ಟರೆ 'ಜೋರಾಗಿ ಕಚ್ಚಿದರೆ ಸಿಗುತ್ತದೆ' ಅಂತ ನಾವೇ ಕಲಿಸಿದಂತೆ. ಮನೆಗೆ ಬರುವವರಲ್ಲಿ ಒಬ್ಬರಾದರೂ 'ನನಗೇನೂ ನೋವಾಗಲ್ಲ ಬಿಡಿ' ಅಂತ ಕೈಯನ್ನೇ ಬಾಯಿಗೆ ಕೊಟ್ಟು ಆಡಿಸುತ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ಆದರೂ ತಡೆಯಿರಿ. ಅವರ ಗಟ್ಟಿ ಕೈಗೂ ನಿಮ್ಮ ಮಗುವಿನ ಮೆತ್ತನೆಯ ಕೈಗೂ ಇರುವ ವ್ಯತ್ಯಾಸ ಮರಿಗೆ ಗೊತ್ತಾಗುವುದಿಲ್ಲ. ಅವರ ಕೈಗೊಂದು ಆಟಿಕೆ ಕೊಡಿ, ಅಷ್ಟೇ.

ಬಾಯಿಗೆ ಬೇರೆ ಕೆಲಸ

ಬೇಡ ಅನ್ನುವುದನ್ನು ಮಾತ್ರ ಹೇಳುತ್ತಾ ಹೋದರೆ ಮರಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ನೆನೆಸಿ ಹಿಂಡಿ ಫ್ರೀಜರಿನಲ್ಲಿಟ್ಟ ಬಟ್ಟೆ ಒಸಡಿಗೆ ತುಂಬಾ ಹಿತ. ಪಕ್ಕದಲ್ಲೇ ಕೂತು ಕೊಡಿ, ಚೂರು ನುಂಗಬಾರದು. ರಬ್ಬರಿನ ಆಟಿಕೆ ಕೊಳ್ಳುವಾಗ ಹೆಬ್ಬೆರಳಿನ ಉಗುರು ಒತ್ತಿ ನೋಡಿ, ಸ್ವಲ್ಪ ತಗ್ಗಬೇಕು. ತಗ್ಗದಷ್ಟು ಗಟ್ಟಿಯಾಗಿದ್ದರೆ ಹಲ್ಲು ಮುರಿಯಬಹುದು. ಬೇಯಿಸಿದ ಮೂಳೆ ಬೇಡ, ಸೀಳಿ ಚೂಪಾಗಿ ಗಂಟಲಿಗೋ ಹೊಟ್ಟೆಗೋ ಚುಚ್ಚುತ್ತದೆ. ಹಳೆಯ ಕಾಲುಚೀಲ, ಚಪ್ಪಲಿ ಕೊಡಬೇಡಿ, ಹಳೆಯದು ಯಾವುದು ಮಗುವಿನ ಕಾಲಲ್ಲಿರುವುದು ಯಾವುದು ಅಂತ ಅದಕ್ಕೇನು ಗೊತ್ತು.

ಜೊತೆಗೆ ಎರಡು ಮಾತು ಕಲಿಸಿ. ಒಂದು 'ಬಿಡು'. ಮರಿ ಆಟಿಕೆ ಹಿಡಿದಿರುವಾಗ ಅದರ ಮೂಗಿನ ಹತ್ತಿರ ಒಂದು ತುಣುಕು ತಿನಿಸು ಹಿಡಿಯಿರಿ. ಬಾಯಿ ತೆರೆದ ಕ್ಷಣ 'ಬಿಡು' ಅಂದು ತಿನಿಸು ಕೊಡಿ, ಆಮೇಲೆ ಆಟಿಕೆಯನ್ನೂ ವಾಪಸ್ ಕೊಡಿ. ಬಿಟ್ಟರೆ ಎರಡೂ ಸಿಗುತ್ತದೆ ಅಂತ ಗೊತ್ತಾದ ಮರಿ ಖುಷಿಯಿಂದ ಬಿಡುತ್ತದೆ. ಎರಡನೆಯದು 'ಮೂಗು'. ಅಂಗೈಯನ್ನು ಅದರ ಮುಖದಿಂದ ಸ್ವಲ್ಪ ದೂರದಲ್ಲಿ ಹಿಡಿಯಿರಿ, ಮೂಸಲು ಬಂದು ಮೂಗು ತಾಗಿಸಿದ ಕೂಡಲೇ ಹೊಗಳಿ ಇನ್ನೊಂದು ಕೈಯಿಂದ ತಿನಿಸು ಕೊಡಿ. ಮುಂದೆ ಬರುವ ಕೈಗೆ ಹಲ್ಲಿನ ಬದಲು ಮೂಗು ತಾಗಿಸುವುದು ಹೀಗೆ ರೂಢಿಯಾಗುತ್ತದೆ.

ಇಲ್ಲಿ ಮಕ್ಕಳಿಗೂ ಪಾಲು ಕೊಡಿ. ದೊಡ್ಡ ಮಗು ಗೇಟಿನ ಈಚೆ ನಿಂತು 'ಕೂರು' ಅನ್ನಲಿ. ಮರಿ ಕೂತಾಗ ತಿನಿಸನ್ನು ಬೆರಳಿನಿಂದ ಕೊಡದೆ ನೆಲಕ್ಕೆ ಹಾಕಲಿ. ಸಣ್ಣವನು ಮರಿಯ ಊಟದ ಕಾಳುಗಳನ್ನು ಗೇಟಿನ ಮೇಲಿಂದ ಚೆಲ್ಲಲಿ, ಅದು ಮೂಸಿ ಮೂಸಿ ಹುಡುಕಿ ತಿನ್ನುತ್ತದೆ. ಮಗು ಬಂದರೆ ನೆಲ ನೋಡಬೇಕು ಅನ್ನುವುದು ಮರಿಗೆ ಅಭ್ಯಾಸವಾದರೆ, ಮಗು ಬಂದ ಕೂಡಲೇ ಹಾರಿ ಕೈ ಹಿಡಿಯುವುದು ತಾನಾಗಿಯೇ ಕಡಿಮೆಯಾಗುತ್ತದೆ. ನನ್ನ ಮಗ ಸೋಫಾದಿಂದ ಇಳಿದದ್ದು ಈ ಕಾಳು ಚೆಲ್ಲುವ ಕೆಲಸಕ್ಕಾಗಿಯೇ.

ಇವನ್ನು ಮಾತ್ರ ಮಾಡಬೇಡಿ

ಮೂಗಿಗೆ ಹೊಡೆಯುವುದು, ಬಾಯಿ ಒತ್ತಿ ಹಿಡಿಯುವುದು, ಅಂಗಾತ ಕೆಡವಿ ಅದುಮುವುದು. ಇವೆಲ್ಲ ಸಲಹೆಯಾಗಿ ಸಿಗುತ್ತಲೇ ಇರುತ್ತವೆ. ಇದರಿಂದ ಮರಿ ಕಲಿಯುವುದು ಒಂದೇ, ಕೈ ಅಂದರೆ ಭಯ. ಭಯಪಟ್ಟ ನಾಯಿ ಮುಂದೆ ಆಟಕ್ಕಲ್ಲ, ನಿಜವಾಗಿಯೇ ಕಚ್ಚುತ್ತದೆ. ಇನ್ನೊಂದು ವಿಷಯ, ನೀವು ಮಾಡಿದ್ದನ್ನು ಮಕ್ಕಳು ನೋಡುತ್ತಿರುತ್ತಾರೆ. ನೀವು ಬಾಯಿ ಒತ್ತಿ ಹಿಡಿದರೆ ನಾಳೆ 3 ವರ್ಷದವನೂ ಹಾಗೇ ಹಿಡಿಯುತ್ತಾನೆ, ಅವನ ಮುಖ ಆಗ ಮರಿಯ ಹಲ್ಲಿನ ಎದುರಿಗೇ ಇರುತ್ತದೆ.

ಆಟವಲ್ಲ ಅನ್ನಿಸಿದಾಗ

ಆಟದ ಮರಿಯ ಮೈ ಸಡಿಲ, ಬಳುಕುತ್ತಿರುತ್ತದೆ. ಮೈ ಬಿಗಿಯಾಗಿ ಒಂದು ಕ್ಷಣ ಕಲ್ಲಿನಂತೆ ನಿಂತರೆ, ಕಣ್ಣಿನ ಬಿಳಿ ಭಾಗ ಕಾಣುವ ಹಾಗೆ ಓರೆಯಾಗಿ ನೋಡಿದರೆ, ತಟ್ಟೆಯ ಹತ್ತಿರ ಬಂದವರಿಗೆ ಗುರ್ ಅಂದರೆ ಮಗುವನ್ನು ಮೆಲ್ಲಗೆ ದೂರ ಕರೆಯಿರಿ. ಗುರುಗುಟ್ಟಿದ್ದಕ್ಕೆ ಬಯ್ಯಬೇಡಿ. 'ನನಗೆ ಇಷ್ಟವಾಗುತ್ತಿಲ್ಲ' ಅಂತ ಹೇಳಲು ಅದಕ್ಕಿರುವ ಮಾತು ಅದೊಂದೇ. ಆ ಮಾತು ನಿಲ್ಲಿಸಿದರೆ ಮುಂದೆ ಹೇಳದೆಯೇ ಕಚ್ಚುವ ನಾಯಿಯಾಗಬಹುದು. ಇಂಥದ್ದು ಮತ್ತೆ ಮತ್ತೆ ಕಂಡರೆ ಪಶುವೈದ್ಯರಿಗೆ ತೋರಿಸಿ, ನೋವಿನಿಂದಲೂ ಹೀಗಾಗುತ್ತದೆ. ನೋವಿಲ್ಲದಿದ್ದರೆ ಹೊಡೆಯದೆ ಕಲಿಸುವ ತರಬೇತುದಾರರ ನೆರವು ಪಡೆಯಿರಿ.

ಚರ್ಮ ಸೀಳಿದ್ದರೆ, ಗೀರು ಎಷ್ಟೇ ಸಣ್ಣದಿರಲಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಅಂದಾಜಿನಲ್ಲಿ ಯಾವಾಗಲೂ ಕಡಿಮೆಯಾಗುತ್ತದೆ. ಅದೇ ದಿನ ವೈದ್ಯರ ಹತ್ತಿರ ಹೋಗಿ, ರೇಬಿಸ್ ಮತ್ತು ಟೆಟನಸ್ ಚುಚ್ಚುಮದ್ದು ಬೇಕೋ ಬೇಡವೋ ಅಂತ ಅವರು ಹೇಳಲಿ. ನಮ್ಮದೇ ಮರಿ, ಸಣ್ಣದು ಅಂತ ಸುಮ್ನೆ ಬಿಡಬೇಡಿ. ಮರಿಗಳಿಗೆ ರೇಬಿಸ್ ಲಸಿಕೆ ಸಾಮಾನ್ಯವಾಗಿ 3 ತಿಂಗಳ ಆಸುಪಾಸಿನಲ್ಲಿ ಹಾಕುತ್ತಾರೆ, ಅದಕ್ಕಿಂತ ಸಣ್ಣ ಮರಿಗೆ ಆ ರಕ್ಷಣೆ ಇನ್ನೂ ಸಿಕ್ಕಿರುವುದಿಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅಪರೂಪದಲ್ಲಿ ಅಪರೂಪ, ಆದರೆ ಸಮಯಕ್ಕೆ ಚುಚ್ಚುಮದ್ದು ತೆಗೆದುಕೊಂಡರೆ ತಡೆಯಬಹುದು.

ಇದರ ಜೊತೆ ಮಕ್ಕಳಿಗೆ ಇನ್ನೊಂದು ಮಾತು ಹೇಳಿರಿ. ಮರಿಗೆ ಬೈಗುಳ ಬೀಳುತ್ತದೆ ಅಂತ ನನ್ನ ಮಗಳು ಒಂದು ಗೀರನ್ನು ಉದ್ದ ತೋಳಿನ ಅಂಗಿಯೊಳಗೆ 2 ದಿನ ಮುಚ್ಚಿಟ್ಟಿದ್ದಳು. ಸ್ನಾನ ಮಾಡಿಸುವಾಗ ನೋಡಿ ನನ್ನ ಕೈಕಾಲು ತಣ್ಣಗಾಯಿತು, ಹಾಗೇ ವೈದ್ಯರ ಹತ್ತಿರ ಓಡಿದೆವು. ಹಲ್ಲು ತಾಗಿದರೆ ಹೇಳಬೇಕು, ಹೇಳಿದರೆ ಮರಿಗೂ ಬಯ್ಯುವುದಿಲ್ಲ ನಿನಗೂ ಬಯ್ಯುವುದಿಲ್ಲ ಅಂತ ಅವಳಿಗೆ ಅವತ್ತೇ ಮಾತು ಕೊಟ್ಟೆ.

ಎಷ್ಟು ದಿನ

ಎಲ್ಲರೂ ಒಂದೇ ರೀತಿ ನಡೆದುಕೊಂಡರೆ ಕೆಲವು ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಮೊದಲು ಹಿಡಿತ ಮೆತ್ತಗಾಗುತ್ತದೆ, ಆಮೇಲೆ ಸಲ ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುವುದು ಹೆಚ್ಚಾಗಿ ದೊಡ್ಡ ಹಲ್ಲು ಬಂದು ಮುಗಿದ ಮೇಲೆಯೇ. ನಡುವೆ, 4 ರಿಂದ 5 ತಿಂಗಳ ಹೊತ್ತಿಗೆ, ಎಲ್ಲ ಸರಿಹೋಯಿತು ಅಂದುಕೊಂಡ ಮೇಲೆ ಮತ್ತೆ ಶುರುವಾಗಬಹುದು. ದವಡೆಹಲ್ಲು ಬರುವ ಸಮಯ ಅದು. ಆಗ ತೆಗೆದಿಟ್ಟ ಗೇಟನ್ನು ಮತ್ತೆ ಹಾಕಿ, ಹಗ್ಗ ಕಟ್ಟಿ, ಫ್ರೀಜರಿನಲ್ಲಿ ನಾಲ್ಕು ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಮಕ್ಕಳಿಗೆ ಮರದ ಆಟ ಮರೆತಿರುತ್ತದೆ, ಅದನ್ನೂ ಒಂದು ವಾರ ಮತ್ತೆ ಆಡಿಸಿ.